ಬೆಟ್ಟಮ್ಮನ ಏಳನೇ ಅರ್ಜಿ

ಈಗ ನಮ್ಮ ಹುಣಸೆಮರದ ಕೆಳಗೆ ಟೈಪ್‌ರೈಟರುಗಳು ಬಂದು ಕೂತಿವೆ. ಟಕಟಕ ಅಂತ ಐದು ನಿಮಿಷದಲ್ಲಿ ಒಂದು ಅರ್ಜಿ ಹೊರಬೀಳುತ್ತದೆ. ಬರೆಸಿದವನ ಮುಖವನ್ನು ಬರೆದವನು ನೋಡಿರುವುದೇ ಇಲ್ಲ. ನನ್ನ ಕಾಲ ಹಾಗಿರಲಿಲ್ಲ. ಕಚೇರಿಯ ಮುಂದೆ ಜಟಕಾಗಳು ಸಾಲಾಗಿ ನಿಂತಿರುತ್ತಿದ್ದವು, ಕುದುರೆಗಳು ಹುರುಳಿ ಮೆಲ್ಲುತ್ತಿದ್ದವು, ಬೆಟ್ಟದ ಕಡೆಯಿಂದ ಗಾಳಿ ಎದ್ದರೆ ಕಾಗದ ಹಾರದಂತೆ ಮೊಣಕೈ ಊರಿಕೊಂಡು ನಾನು ಬರೆಯುತ್ತಿದ್ದೆ. ಅರ್ಜಿ ಬರೆಯುವುದರಲ್ಲಿ ಈ ದೊರೆಸ್ವಾಮಿಯನ್ನು ಮೀರಿಸುವವನು ಮೈಸೂರಿನಲ್ಲೇ ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಹೇಳುತ್ತಿದ್ದವರೆಲ್ಲ ತೀರಿಕೊಂಡರು.

ಮರದಿಂದ ನಾಲ್ಕು ಮಾರು ದೂರದಲ್ಲಿ ಬೆಟ್ಟಮ್ಮ ಸೊಪ್ಪು ಮಾರುತ್ತಿದ್ದಳು. ಚಾಮುಂಡಿ ಬೆಟ್ಟದ ಹಿಂದಿನ ಹಳ್ಳಿಯವಳು, ಗಂಡನಿಲ್ಲದವಳು. ದಂಟು, ಕಿಲಕೀರೆ ಹೊತ್ತುಕೊಂಡು ಬೆಳಕು ಹರಿಯುವಷ್ಟರಲ್ಲಿ ಬಂದುಬಿಡುವಳು. ಅವಳಿಗಿದ್ದ ಒಬ್ಬನೇ ಮಗ ಚಿಕ್ಕಣ್ಣ ಕುದುರೆ ದಂಡಿನಲ್ಲಿ ಸವಾರನಾಗಿ, ದೊಡ್ಡ ಯುದ್ಧಕ್ಕೆಂದು ಸಮುದ್ರ ದಾಟಿ ಹೋಗಿದ್ದ. ದಂಡು ವಾಪಸು ಬಂತು, ಅವನು ಬರಲಿಲ್ಲ. ದಫ್ತರದಲ್ಲಿ ಅವನ ಹೆಸರಿನ ಮುಂದೆ ‘ಕಾಳಗದ ದಿನ ಪರಾರಿ’ ಎಂದು ಬರೆದಿತ್ತು. ಊರಿನ ಹೆಂಗಸರು ಬಾವಿಕಟ್ಟೆಯಲ್ಲಿ ಅವಳಿಗೆ ಕೇಳುವಂತೆಯೇ ಓಡಿಹೋದವನ ತಾಯಿ ಎಂದು ಆಡಿಕೊಳ್ಳುತ್ತಿದ್ದರು. ಆದರೆ ಬೆಟ್ಟಮ್ಮನಿಗೆ ಆ ಮಾತೇ ಆಸರೆಯಾಗಿತ್ತು. ಓಡಿಹೋದವನು ಎಲ್ಲಾದರೂ ಬದುಕಿರಲೇಬೇಕಲ್ಲ.

ದಸರೆಯಲ್ಲಿ ತಪ್ಪು ಮಾಡಿದವರಿಗೆ ಮಾಫಿ ಸಿಗುತ್ತದೆ ಎಂದು ಯಾರೋ ಅವಳ ಕಿವಿಯಲ್ಲಿ ಊದಿದ್ದರು. ಪ್ರತಿ ವರ್ಷ ಹಬ್ಬಕ್ಕೆ ಹದಿನೈದು ದಿನ ಇದೆ ಎನ್ನುವಾಗ ಕೈತೊಳೆದುಕೊಂಡು ನನ್ನ ಮುಂದೆ ಬಂದು ಕೂರುವಳು.

“ಎದ್ರುಕೊಂಡು ಎಲ್ಲೋ ಅವುತ್ಕೊಂಡವ್ನೆ ಕಣಪ್ಪ. ದೊರೆಗಳು ಮಾಪಿ ಮಾಡುದ್ರೆ ಬತ್ತಾನೆ. ಚೆಂದಾಗಿ ಬರ್ಕೊಡು.”

ನಾನು ಚೆಂದಾಗಿಯೇ ಬರೆದೆ. ದಿವ್ಯ ಪಾದಾರವಿಂದಗಳಲ್ಲಿ ಎಂದು ಶುರುಮಾಡಿ, ‘ಹಾಲುಗಲ್ಲದ ಹುಡುಗನು ಪ್ರಾಣಭಯದಿಂದ ಹೇಡಿಯಾಗಿ ಓಡಿದುದನ್ನು ಈ ದಿಕ್ಕಿಲ್ಲದ ತಾಯಿಯ ಕಣ್ಣೀರು ನೋಡಿ ಮನ್ನಿಸಬೇಕು’ ಎಂದು ಮುಗಿಸಿದೆ. ಓದಿ ಹೇಳಿದಾಗ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು. ಆ ಒಕ್ಕಣೆಯ ಮೇಲೆ ನನಗೆ ಎಷ್ಟು ಜಂಭ ಬಂತೆಂದರೆ, ಒಂದಕ್ಷರ ಬದಲಾಯಿಸದೆ ಆರು ವರ್ಷ ಅದನ್ನೇ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ.

ಇಪ್ಪತ್ತಾರನೇ ಇಸವಿ, ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಇರುದಯರಾಜ್ ಬಂದ. ಅವನನ್ನು ತಿಳಿಯದವರು ಆಗ ಯಾರಿದ್ದರು? ಚರ್ಚಿನ ಹಿಂದಿನ ಬೀದಿಯವನು, ಅದೇ ಕುದುರೆ ದಂಡಿನಲ್ಲಿದ್ದು ಕಾಳಗದಲ್ಲಿ ಒಬ್ಬ ಸಾಹೇಬನ ಪ್ರಾಣ ಉಳಿಸಿದನೆಂದು ಪದಕ ಪಡೆದವನು. ಆ ಪದಕದಿಂದಲೇ ಒಂದು ಕಚೇರಿಯ ಬಾಗಿಲಲ್ಲಿ ಜಮೇದಾರನಾಗಿದ್ದ. ದಸರೆಯ ದಿನ ಯುದ್ಧ ಕಂಡು ಬಂದವರು ಸಾಲಾಗಿ ನಡೆದರೆ ಅವನೇ ಮುಂದು.

“ನನ್ನ ಸರ್ವೀಸ್ ದಾಖಲೆ ತಿದ್ದಿಸ್ಬೇಕು ಸ್ವಾಮಿ,” ಅಂದ.

“ಏನಾದರೂ ಬಿಟ್ಟುಹೋಗಿದೆಯೇನಯ್ಯ?”

“ಇಲ್ಲ. ಜಾಸ್ತಿ ಸೇರ್ಬುಟ್ಟದೆ. ಪದಕ ನಂದಲ್ಲ.”

ಸಿಕ್ಕಿದ್ದು ಸಾಲದೆಂದು ಅಳುವವರನ್ನು ಇಪ್ಪತ್ತು ವರ್ಷ ನೋಡಿದ್ದವನು ನಾನು. ಬಿಸಿಲು ತಲೆಗೇರಿದೆ ಅಂದುಕೊಂಡು ಹೂಜಿಯ ನೀರು ಕೊಟ್ಟೆ. ಅವನು ಕುಡಿದು, ನಿಧಾನವಾಗಿ ಎಲ್ಲವನ್ನೂ ಹೇಳಿದ.

ಕುದುರೆ ದಂಡಿನಲ್ಲಿ ಹಾಜರಿ ಹಿಡಿಯುತ್ತಿದ್ದುದು ಕುದುರೆಯಿಂದ. ಪ್ರತಿ ಕುದುರೆಯ ಮುಂಗಾಲಿನ ಗೊರಸಿನ ಮೇಲೆ ಕಾಯಿಸಿದ ಕಬ್ಬಿಣದಿಂದ ನಂಬರು ಸುಟ್ಟಿರುತ್ತಿದ್ದರು. ನಂಬರಿಗೊಬ್ಬ ಸವಾರ. ಕುದುರೆ ಎಲ್ಲಿದ್ದರೆ ಅವನು ಅಲ್ಲಿ. ಇರುದಯರಾಜನದು ನೂರ ಹನ್ನೆರಡು, ಚಿಕ್ಕಣ್ಣನದು ಎಂಬತ್ತಾರು. ಕಾಳಗದ ಹಿಂದಿನ ಸಂಜೆ ಇರುದಯರಾಜನನ್ನು ಜ್ವರದಲ್ಲಿ ಆಸ್ಪತ್ರೆಯ ಗುಡಾರಕ್ಕೆ ಹೊತ್ತುಹಾಕಿದ್ದರು. ಎಂಬತ್ತಾರು ಕುಂಟುತ್ತಿತ್ತು. ಬೆಳಗಾಗುವಾಗ ಹೊರಡುವ ಕಹಳೆ ಆಯಿತು. ಚಿಕ್ಕಣ್ಣ ಗುಡಾರದೊಳಗೆ ತಲೆಹಾಕಿ, “ನಿನ್ನ ಕುದುರೆ ತಕ್ಕೊಂಡೋಯ್ತಿವ್ನಿ ಕಣೋ” ಅಂದು ಹೋದ. ದಫೇದಾರನಿಗೆ ಹೇಳಲಿಲ್ಲ. ಹಳ್ಳದ ಆಚೆ ಒಬ್ಬ ಸಾಹೇಬ ಗುಂಡೇಟು ತಿಂದು ಬಿದ್ದಿದ್ದ. ಚಿಕ್ಕಣ್ಣ ಅವನನ್ನು ಎತ್ತಿ ಕುದುರೆಯ ಮೇಲೆ ಹಾಕಿ, ಹೊಡೆದು ಹಿಂದಕ್ಕೆ ಅಟ್ಟಿದ. ತಾನು ಅಲ್ಲೇ ಉಳಿದ.

ಕುದುರೆ ಪ್ರಜ್ಞೆಯಿಲ್ಲದ ಸಾಹೇಬನನ್ನು ಹೊತ್ತು ಬಂತು. ಎಚ್ಚರವಾದ ಮೇಲೂ ಅವನಿಗೆ ನೆನಪಿದ್ದದ್ದು ಹಳ್ಳದ ಆಚೆ ಯಾರೋ ಸವಾರ ತನ್ನನ್ನು ಎತ್ತಿ ಕುದುರೆಗೆ ಹಾಕಿದ ಎಂಬಷ್ಟೇ. ದಂಡಿನ ಜತೆ ಹೋಗಿದ್ದ ಗುಮಾಸ್ತ ಗೊರಸು ನೋಡಿ ನೂರ ಹನ್ನೆರಡು, ಸವಾರ ಇರುದಯರಾಜ್ ಎಂದು ಬರೆದ. ಸಂಜೆ ಇರುದಯರಾಜ್ ಆಸ್ಪತ್ರೆಯಲ್ಲಿ ಸಿಕ್ಕಿದ. ದಣಿದು ನಡೆದು ಬಂದು ಮಲಗಿದ್ದಾನೆ ಎಂದುಕೊಂಡರು. ಎಂಬತ್ತಾರು ಮಾತ್ರ ಲಾಯದಲ್ಲೇ ಕಟ್ಟಿದೆ, ಅದರ ಸವಾರ ಎಲ್ಲೂ ಇಲ್ಲ, ಹಾಗಾದರೆ ಪರಾರಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ!

“ನೀನಾದರೂ ಬಾಯಿ ಬಿಡಬಾರದಿತ್ತೇ?” ನನಗೆ ನಿಜವಾಗಿ ಸಿಟ್ಟು ಬಂದಿತ್ತು.

“ಮೂರನೇ ದಿನ ಎದ್ದು ಹಳ್ಳದಾಚೆ ಹೋಗಿ ಹುಡುಕಿ, ಒಬ್ನೇ ಅವ್ನನ್ನ ಹೂಳ್ದೋನು ನಾನು. ಹೇಳೋಣ ಅಂತ್ಲೇ ಬಂದೆ. ಅಷ್ಟ್ರಲ್ಲಿ ದೊಡ್ಡ ಸಾಹೇಬ್ರು ಎಲ್ರ ಮುಂದೆ ನನ್ನ ಕೈ ಕುಲುಕ್ಬುಟ್ರು. ಹೇಳ್ದೆ ಕುದುರೆ ಬದಲಾಯಿಸಿದ್ರೆ ಶಿಕ್ಷೆ ಇತ್ತು. ಹೆದರ್ಕೊಂಡೆ. ಒಂದಿನ ಕಳೀತು, ಆಮೇಲೆ ಒಂದು ವರ್ಷ ಕಳೀತು.”

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದುಕೊಂಡಿದ್ದನೇನೋ. ನಾನು ಸೊಪ್ಪಿನ ಬುಟ್ಟಿಯ ಕಡೆ ಕೈ ತೋರಿಸಿದೆ. “ಅಲ್ಲಿ ಕೂತಿರುವವಳು ಯಾರು ಗೊತ್ತೇ?”

“ಗೊತ್ತು ಸ್ವಾಮಿ. ಆರು ವರ್ಷದಿಂದ ಅವ್ರ ಹತ್ರಾನೇ ಸೊಪ್ಪು ತಗೋತೀನಿ. ಮೊನ್ನೆ ಕೇಳಿದ್ರು, ‘ನೀನೂ ದಂಡ್ನಾಗಿದ್ದೋನಲ್ವಾ ಮಗ, ಓಡೋದೋರು ಯಾವ ಊರ್ನಾಗೆ ಇರ್ತಾರೆ?’ ಅಂತ. ಅವತ್ತಿಂದ ಅನ್ನ ಇಳೀತಿಲ್ಲ.”

ಈಗಲೇ ಹೋಗಿ ಅವಳ ಕಾಲು ಹಿಡಿಯುತ್ತೇನೆಂದು ಎದ್ದವನನ್ನು ನಾನೇ ತೋಳು ಹಿಡಿದು ಕೂರಿಸಿದೆ. ದಫ್ತರ ತಿದ್ದದೆ ಹೋದರೆ ಅವಳಿಗೆ ಮಗನೂ ಇಲ್ಲ, ಮಾನವೂ ಇಲ್ಲ. ಹುಕುಂ ಕೈಗೆ ಬರಲಿ, ಅಲ್ಲಿಯವರೆಗೆ ತುಟಿ ಹೊಲಿದುಕೊಂಡಿರು ಎಂದೆ. ಹೇಳಿದ್ದು ಸರಿಯೋ ತಪ್ಪೋ, ಆ ಐದು ತಿಂಗಳು ಅವಳ ಮುಖ ನೋಡುವುದು ನನಗೇ ಕಷ್ಟವಾಯಿತು.

ಅಂದು ಆ ಹಾಜರಿ ಬರೆದಿದ್ದ ಗುಮಾಸ್ತ ವೃಷಭೇಂದ್ರಪ್ಪನವರು ಈಗ ದಫ್ತರದಲ್ಲಿ ದೊಡ್ಡ ಮೇಜಿನವರಾಗಿದ್ದರು. ನಮ್ಮ ಅರ್ಜಿಯನ್ನು ಓದಿ ಕನ್ನಡಕದ ಮೇಲಿಂದ ನೋಡಿದರು.

“ಪದಕ ಹೋಗುತ್ತೆ, ಜಮೇದಾರಿಕೆಯೂ ಹೋಗುತ್ತೆ. ಇವನಿಗೇನು ಗ್ರಹಚಾರ ದೊರೆಸ್ವಾಮಿಗಳೇ? ಸತ್ತವನು ಕೇಳಿದನೇ?”

“ಸತ್ತವನು ಕೇಳಲಿಲ್ಲ ಸ್ವಾಮಿ. ಸಾಯದೆ ಇರುವವನು ಕೇಳುತ್ತಿದ್ದಾನೆ. ಆಸ್ಪತ್ರೆಯ ಪುಸ್ತಕ ತೆಗೆಸಿ, ಇವನನ್ನು ಯಾವ ದಿನ ಸೇರಿಸಿಕೊಂಡರು ನೋಡಿ,” ಎಂದೆ.

ಎಂಟು ಸಲ ಅಲೆಸಿದರು. ಕಟ್ಟು ಸಿಕ್ಕಿಲ್ಲ, ಗೆದ್ದಲು ತಿಂದಿದೆ, ಹುಡುಕುವವನು ರಜಾ ಎಂದರು. ಒಂಬತ್ತನೇ ಸಲ ಹೋದಾಗ ಕಟ್ಟು ಅವರ ಮೇಜಿನ ಮೇಲಿತ್ತು. ಇರುದಯರಾಜ್, ಜ್ವರ, ಕಾಳಗದ ಹಿಂದಿನ ಸಂಜೆ. ಅದರ ಪಕ್ಕದಲ್ಲೇ ಬೆಟ್ಟಮ್ಮನ ಆರು ಅರ್ಜಿಗಳನ್ನೂ ತೆಗೆದಿಟ್ಟುಕೊಂಡಿದ್ದರು. ವೃಷಭೇಂದ್ರಪ್ಪನವರು ಕನ್ನಡಕ ತೆಗೆದು ಅವುಗಳ ಮೇಲಿಟ್ಟರು.

“ಗೊರಸು ನೋಡಿದೆ ಕಣ್ರೀ. ಮುಖ ನೋಡಲಿಲ್ಲ,” ಎಂದರು. ಆ ಮನುಷ್ಯನ ಮೇಲೆ ನನಗಿದ್ದ ಕೋಪವೆಲ್ಲ ಅಲ್ಲೇ ಇಳಿದುಹೋಯಿತು.

ಹುಕುಂ ಭಾದ್ರಪದದಲ್ಲಿ ಬಂತು. ಸವಾರ ಚಿಕ್ಕಣ್ಣ ಪರಾರಿಯಲ್ಲ, ಕಾಳಗದಲ್ಲಿ ಮಡಿದವನು. ಪದಕ ಅವನದು, ತಾಯಿಗೆ ಸಲ್ಲಬೇಕು. ಇರುದಯರಾಜನ ಹೆಸರಿನ ಮುಂದೆ ಇದ್ದುದನ್ನೆಲ್ಲ ಹೊಡೆದುಹಾಕಿದ್ದರು. ಜಮೇದಾರಿಕೆ ಹೋಯಿತು. ಅವನು ಪದಕವನ್ನು ಒಗೆದ ಕರವಸ್ತ್ರದಲ್ಲಿ ಸುತ್ತಿಕೊಂಡು ಮರದ ಕೆಳಗೆ ಬಂದ. ನಾವು ಕರೆಯುವ ಮೊದಲೇ ಬೆಟ್ಟಮ್ಮ ಎದ್ದು ಬರುತ್ತಿದ್ದಳು. ದಸರೆಗೆ ಹದಿನೈದು ದಿನವಿತ್ತು, ಅವಳು ಕೈತೊಳೆದುಕೊಂಡಿದ್ದಳು.

ನಾನು ಹುಕುಮನ್ನು ಓದಿದೆ. ಇರುದಯರಾಜ್ ಮಿಕ್ಕಿದ್ದನ್ನು ಹೇಳಿ, ಕರವಸ್ತ್ರ ಬಿಚ್ಚಿ ಅವಳ ಮುಂದಿಟ್ಟು ತಲೆ ತಗ್ಗಿಸಿ ಕೂತ. ಅವಳು ಪದಕವನ್ನು ನೋಡಲಿಲ್ಲ.

“ಮಣ್ಣು ಮಾಡುವಾಗ ತಲೆ ಯಾವ ದಿಕ್ಕಿಗೆ ಮಡಗ್ದೆ?” ಎಂದು ಕೇಳಿದಳು.

“ತೆಂಕ್ಲಿಗೆ ಅಮ್ಮ.”

“ನೀವು ಕಿರಿಸ್ತಾನ್ರು. ನಿಂಗೆಂಗೆ ಗೊತ್ತಾಯ್ತು?”

“ನಿಮ್ಮೋರು ಹಂಗೆ ಮಲಗಿಸ್ತಾರೆ ಅಂತ ಅವ್ನೇ ಒಂದ್ಸಲ ಹೇಳಿದ್ದ. ಸೂರ್ಯನ್ನ ನೋಡಿ ದಿಕ್ಕು ತಿಳ್ಕೊಂಡೆ.”

ಅವಳು ತಲೆಯಾಡಿಸಿದಳು. ಬಯ್ಯಲಿಲ್ಲ, ಹರಸಲೂ ಇಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

“ನಾನು ಆರು ಸಲ ಎಬ್ಬೆಟ್ಟು ಒತ್ತಿದ್ನಲ್ಲ ದೊರೆಸಾಮಿ, ಅದ್ರಾಗೆ ನನ್ನ ಮಗನ್ನ ಏನಂತ ಬರ್ದಿದ್ದೆ?”

ನಾನು ಲೇಖನಿಯ ಮಸಿ ಒರೆಸತೊಡಗಿದೆ.

“ಏಡಿ ಅಂತ ಬರ್ದಿದ್ದೆ. ಓದಿ ಯೋಳಿದ್ದೆ, ನಾ ಮರ್ತಿಲ್ಲ. ಊರೋರು ಬಾಯಲ್ಲಿ ಅಂದ್ರು, ಗಾಳೀಲಿ ಓಯ್ತು. ಕಾಗ್ದದ ಮ್ಯಾಲೆ ಒತ್ತಿದ್ದು ಎತ್ತ ತಾಯಿ ನಾನು. ಅವ್ನದನ್ನ ತಿದ್ದಿಸಿದ್ರಿ. ನಂದನ್ನೂ ತಿದ್ದಪ್ಪ.”

ಕಾಗದ ತೆಗೆದೆ. ಕೈಗೆ ರೂಢಿಯಾಗಿತ್ತು, ದಿವ್ಯ ಪಾದಾರವಿಂದಗಳಲ್ಲಿ ಎಂದು ಬರೆದು ಬಾಯಿಬಿಟ್ಟು ಓದಿಕೊಂಡೆ.

“ಪಾದ ಗೀದ ಬ್ಯಾಡ,” ಎಂದಳು ಬೆಟ್ಟಮ್ಮ. “ನಾನೇನೂ ಬೇಡ್ಕತಿಲ್ಲ.”

ಆ ಕಾಗದ ಹರಿದು ಬೇರೆ ತೆಗೆದುಕೊಂಡೆ. ‘ನನ್ನ ಮಗ ಚಿಕ್ಕಣ್ಣ ಓಡಿಹೋಗಲಿಲ್ಲ. ಓಡಿಹೋದನೆಂದು ನಾನು ಕೊಟ್ಟ ಆರು ಅರ್ಜಿಗಳೂ ತಪ್ಪು. ಅವನು ಹೇಡಿಯಲ್ಲ.’ ನನ್ನ ಜೀವಮಾನದಲ್ಲಿ ಬರೆದ ಅತಿ ಚಿಕ್ಕ ಅರ್ಜಿ ಅದು. ಈಗ ನೆನೆದರೆ, ನಾನು ಬರೆದವುಗಳಲ್ಲಿ ಚೆಂದವಾದದ್ದೂ ಅದೇ ಅನ್ನಿಸುತ್ತದೆ.

ಅವಳು ಎರಡು ಸಲ ಓದಿಸಿಕೊಂಡಳು. ಹೆಬ್ಬೆಟ್ಟು ಒತ್ತಿದಳು, ಮಸಿಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಮಗನ ಹೆಸರು ಹಿಡಿದು, ಜಟಕಾದವರೆಲ್ಲ ತಿರುಗಿ ನೋಡುವಂತೆ ಅತ್ತಳು. ಆರು ವರ್ಷವೂ ಅವಳು ಬದುಕಿರುವ ಮಗನಿಗಾಗಿ ಅತ್ತಿದ್ದಳು. ಸತ್ತ ಮಗನಿಗಾಗಿ ಅತ್ತದ್ದು ಅದೇ ಮೊದಲು.