ಗುಬ್ಬಿಯ ಖಾತೆ

ಕಪ್ಪು ಪರದೆಯ ಮೇಲೆ ಸಾಲುಗಳು ಓಡಿ ಓಡಿ ನಿಂತವು. ಎಲ್ಲ ಹಸಿರು, ಕೊನೆಯದೊಂದು ಮಾತ್ರ ಕೆಂಪು. ಅನುಪಮಾ ಅದನ್ನು ಎರಡು ಸಲ ಓದಿದಳು. ಏನೋ ತಪ್ಪಾಗಿರಬೇಕೆಂದು ಕಮಾಂಡನ್ನು ಮತ್ತೆ ಟೈಪ್ ಮಾಡಿ ಎಂಟರ್ ಒತ್ತಿದಳು. ಮೂರು ನಿಮಿಷದ ಮೇಲೆ ಅದೇ ಸಾಲು ಅದೇ ಬಣ್ಣದಲ್ಲಿ ಬಂದು ಕೂತಿತು.

ಚಂದ್ರಮೌಳಿ ಲ್ಯಾಬ್‌ನ ಮುಖ್ಯ ಕಚೇರಿ ತುಮಕೂರಿನಲ್ಲಿ. ಗುಬ್ಬಿಯಲ್ಲೊಂದು, ಕುಣಿಗಲ್‌ನಲ್ಲೊಂದು ಶಾಖೆ. ಮೂರೂ ಕಡೆಯ ರಕ್ತ, ಮೂತ್ರ, ಕಫದ ವರದಿಗಳೆಲ್ಲ ಈಗ ಕ್ಲೌಡ್‌ನಲ್ಲಿರುವ ಒಂದೇ ಡೇಟಾಬೇಸಿನಲ್ಲಿ ಸೇರಿಕೊಂಡಿವೆ. ಅದರ ಬಾಗಿಲು, ಚಿಲಕಗಳೆಲ್ಲ ಭದ್ರವಾಗಿವೆಯೇ ಎಂದು ನೋಡುವುದು ಅನುಪಮಾಳ ಕೆಲಸ. ಪ್ರತಿ ಶನಿವಾರ ಬೆಳಿಗ್ಗೆ ಆರಕ್ಕೆ ತಪಾಸಣೆ ತಾನಾಗಿಯೇ ಓಡಿ, ವರದಿ ತನ್ನ ಫೋನಿಗೆ ಬರುವಂತೆ ಅವಳೇ ಏರ್ಪಾಡು ಮಾಡಿದ್ದಳು. ಯಾರ ಮುಲಾಜೂ ಇಲ್ಲದ ಕೆಲಸ ಎಂದು ಗೆಳತಿಯರ ಮುಂದೆ ಜಂಬವನ್ನೂ ಕೊಚ್ಚಿಕೊಂಡಿದ್ದಳು.

ಹಳೆಯ ಖಾತೆಗಳನ್ನೂ ತಪಾಸಣೆಗೆ ಸೇರಿಸಿದ್ದು ಈ ವಾರವೇ. ಕೆಂಪು ಸಾಲು ಹೇಳುತ್ತಿದ್ದುದು ಇಷ್ಟು: ಗುಬ್ಬಿಯ ಒಂದು ಖಾತೆಯಿಂದ ಮೂರೂ ಶಾಖೆಗಳ ಯಾರ ವರದಿಯನ್ನು ಬೇಕಾದರೂ ತೆರೆಯಬಹುದು, ಏಳು ವರ್ಷದಿಂದ ಅದರ ಪಾಸ್‌ವರ್ಡ್ ಬದಲಾಗಿಲ್ಲ. ಹಳೆಯ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವಾಗ ಯಾರೋ ಕೊಟ್ಟ ಅಧಿಕಾರ ಅದು. ಕೊಟ್ಟವರು ವಾಪಸು ಪಡೆಯುವುದನ್ನು ಮರೆತಿದ್ದರು. ಖಾತೆ ಗುರುಸಿದ್ದಯ್ಯನವರದು. ಗುರುಸಿದ್ದಯ್ಯ ಅನುಪಮಾಳ ಸೋದರಮಾವ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸಾಕಿ ಓದಿಸಿದವರು ಅವರೇ.

ಮ್ಯಾನೇಜರ್ ನಾಗಭೂಷಣ್ ವರದಿ ನೋಡಿ ಕನ್ನಡಕ ತೆಗೆದರು. "ಸೋಮವಾರ ಇನ್ಸೂರೆನ್ಸ್ ಕಂಪ್ನಿಯವ್ರು ಬರ್ತಾರಮ್ಮ. ಕೆಂಪು ಇರಬಾರ್ದು. ಖಾತೆ ಲಾಕ್ ಮಾಡಿದ್ರೆ ಅದರಲ್ಲಿ ಏನೇನು ತೆರೆದಿದ್ರು ಅನ್ನೋ ಪಟ್ಟಿನೂ ಡೈರೆಕ್ಟ್ರಿಗೆ ಹೋಗುತ್ತೆ. ಆಮೇಲೆ ಅವರನ್ನ ಒಂದು ದಿನಾನೂ ಇಟ್ಕೊಳ್ಳಲ್ಲ. ಇಲ್ಲಾಂದ್ರೆ, ಗೊತ್ತಿರೋ ಅಪಾಯ, ಇಂಥ ದಿನದವರೆಗೆ ಇರಲಿ ಅಂತ ಕಾರಣ ಬರೆದು ಮುಂದೂಡಬೋದು, ಆಗ್ಲೂ ಕೆಂಪು ಹೋಗುತ್ತೆ. ಹೇಗೂ ದೀಪಾವಳಿಗೆ ರಿಟೈರ್ ಆಗ್ತಾರೆ. ನಿಮ್ಮ ಮಾವ ಅಲ್ವಾ, ನೀವೇ ನೋಡಿ."

ಶುಕ್ರವಾರ ಅವಳು ಲ್ಯಾಪ್‌ಟಾಪ್ ಹಿಡಿದುಕೊಂಡು ಗುಬ್ಬಿಗೆ ಹೋದಳು. ಹಣೆ ತುಂಬ ವಿಭೂತಿ ಬಳಿದುಕೊಂಡ ಗುರುಸಿದ್ದಯ್ಯ ಮುದುಕರೊಬ್ಬರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ ನರ ಹುಡುಕುತ್ತಿದ್ದರು. ಮೂವತ್ತೊಂದು ವರ್ಷ ಪಳಗಿದ ಕೈ; ಮುದುಕರು ಸೂಜಿಯನ್ನು ಇನ್ನೂ ಕಾಯುತ್ತಿರುವಾಗಲೇ ರಕ್ತ ತೆಗೆದಾಗಿತ್ತು. ಸೋದರಸೊಸೆಯನ್ನು ಕಂಡು ಅವರ ಮುಖ ಅರಳಿತು. ಕಾಫಿ ತರಿಸಿದರು.

"ಮಾವ, ಕುಣಿಗಲ್ ರಿಪೋರ್ಟೆಲ್ಲ ನೀವ್ಯಾಕೆ ತೆಗೆದು ನೋಡ್ತೀರ?"

"ನೋಡ್ದೆ ಇರಕ್ಕಾಗುತ್ತೇನವ್ವ? ಜನ ಬಂದು ಕೇಳ್ತಾರೆ. ಮೊಬೈಲಿಗೆ ಬರೋ ಮೆಸೇಜು ಇಂಗ್ಲೀಷಲ್ಲಿರುತ್ತೆ. ಮನೆ ಹಿರೀಕರನ್ನ ಕರೆದು ಒಂದ್ ಮಾತು ಹೇಳಿದ್ರೆ ಅವ್ರು ನೋಡ್ಕೋತಾರೆ."

"ರಿಪೋರ್ಟು ಯಾರದೋ ಅವರಿಗೆ ಮಾತ್ರ ಹೇಳ್ಬೇಕು ಮಾವ."

"ಕೂಸಿಗೆ ಕಾಮಾಲೆ ಆದ್ರೆ ಕೂಸಿಗೇ ಹೇಳ್ತೀಯೇನೇ?" ಎಂದು ಗುರುಸಿದ್ದಯ್ಯ ನಕ್ಕರು. ತಮ್ಮ ಮಾತು ತಮಗೇ ಹಿಡಿಸಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನಮ್ಮ ಶಿವರುದ್ರಕ್ಕ ಗೊತ್ತಲ್ಲ, ಮಠದ ಬೀದಿಯೋಳು? ಆರು ವರ್ಷದಿಂದ ಸೊಸೇನ ಬಂಜೆ ಬಂಜೆ ಅಂತ ಅರೆದು ಕುಡೀತಿದ್ಲು. ಹೋದ ವಾರ ಇಲ್ಲೇ ಬಂದು ಕೂತು ಅದೇ ಪುರಾಣ. ಸುಮ್ನೆ ಹೆಸರು ಹಾಕಿ ನೋಡ್ದೆ. ಕುಣಿಗಲ್ನಲ್ಲಿ ಅವಳ ಮಗ ಸಂಗಮೇಶಂದೇ ರಿಪೋರ್ಟು! ಹೇಳೇಬುಟ್ಟೆ. ಅಕ್ಕಾ, ಕೊರತೆ ಇರೋದು ನಿನ್ ಮಗನ ಕಡೆ, ಆ ಹೆಣ್ಮಗೀನ ಬುಟ್ಬುಡು ಅಂತ. ಬಾಯಿಗೆ ಬೀಗ ಬಿತ್ತು ನೋಡು."

ಅನುಪಮಾಳಿಗೆ ಇದು ತಪ್ಪೆಂದು ಗೊತ್ತಿತ್ತು. ಆದರೂ ಆ ಅತ್ತೆಯ ಬಾಯಿ ಮುಚ್ಚಿತಲ್ಲ ಎಂದು ಒಳಗೊಳಗೇ ಖುಷಿಯಾಯಿತು. ಮಾವ ಯಾರಿಂದಲೂ ಒಂದು ಲೋಟ ನೀರು ಆಸೆಪಟ್ಟವರಲ್ಲ. ದೀಪಾವಳಿಗೆ ಇನ್ನು ಮೂರೇ ತಿಂಗಳು. ಇಂಥವರನ್ನು ಕಳ್ಳನ ಹಾಗೆ ಹೊರಗೆ ಕಳಿಸುವುದೇ? ಅವಳು ಲ್ಯಾಪ್‌ಟಾಪ್ ತೆರೆದು ಅಪಾಯವನ್ನು ಮುಂದೂಡುವ ಕಮಾಂಡ್ ಹೊಡೆದಳು. ತಾರೀಖು ಹಾಕಿದಳು. ಕಾರಣದ ಜಾಗದಲ್ಲಿ, ಖಾತೆದಾರರು ನಿವೃತ್ತರಾಗಲಿದ್ದಾರೆ ಎಂದು ಬರೆದಳು. ಎಂಟರ್ ಒತ್ತುವುದೊಂದು ಬಾಕಿ.

ಆಗ ಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ಮೂವತ್ತರ ಒಳಗಿನ ಹೆಂಗಸು. ಸೀರೆಯ ನಿರಿಗೆಗೆಲ್ಲ ಬೀದಿಯ ಧೂಳು ಮೆತ್ತಿತ್ತು.

"ಬಾ ಅಕ್ಷತಾ," ಎಂದವರೇ ಗುರುಸಿದ್ದಯ್ಯ ಅನುಪಮಾಳತ್ತ ಬಾಗಿ, "ನಾನು ಹೇಳಿದ್ನಲ್ಲ, ಇವಳೇ ಕಣೇ ಶಿವರುದ್ರಕ್ಕನ ಸೊಸೆ" ಎಂದರು.

"ಸಾರ್, ನಮ್ಮತ್ತೆಗೆ ಹೇಳಿದ್ದು ನೀವೇನಾ?"

"ನಿನ್ ಒಳ್ಳೇದಕ್ಕೇ ಕಣವ್ವ. ಇನ್ಮೇಲೆ ನಿನ್ನ ಯಾರೂ ಒಂದ್ ಮಾತು ಅನ್ನಂಗಿಲ್ಲ."

"ನಾನು ಅನ್ನಿಸ್ಕೋತಿದ್ದೆ ಸಾರ್." ಅವಳ ದನಿ ಏರಲಿಲ್ಲ. "ನಂದೇನೂ ತೊಂದ್ರೆ ಇಲ್ಲ ಅಂತ ಮದ್ವೆಯಾದ ಎರಡ್ನೇ ವರ್ಷಕ್ಕೇ ಗೊತ್ತಿತ್ತು. ಬಾಯಿ ಬಿಟ್ಟಿರ್ಲಿಲ್ಲ. ನಮ್ಮನೆಯವ್ರು ಆ ಮಾತು ತಡೆಯೋರಲ್ಲ ಸಾರ್, ನಾನು ತಡೀತೀನಿ. ಹೋದ ತಿಂಗಳು ಅವರೇ, ಟೆಸ್ಟ್ ಮಾಡಿಸ್ಕೋತೀನಿ, ಆದ್ರೆ ಗುಬ್ಬೀಲಿ ಬೇಡ ಅಂದ್ರು. ಮಾರ್ಕೋನಹಳ್ಳಿ ಡ್ಯಾಮ್ ನೋಡ್ಕೊಂಡು ಬರ್ತೀವಿ ಅಂತ ಅತ್ತೆಗೆ ಸುಳ್ಳು ಹೇಳಿ ಕುಣಿಗಲ್‌ಗೆ ಹೋದ್ವಿ. ಅಷ್ಟು ದೂರ ಹೋಗಿದ್ದೇ ಇಲ್ಲಿ ಯಾರಿಗೂ ಗೊತ್ತಾಗ್ಬಾರ್ದು ಅಂತ."

ಗುರುಸಿದ್ದಯ್ಯ ಕೈಯಲ್ಲಿದ್ದ ಹತ್ತಿಯನ್ನು ಉಂಡೆ ಮಾಡುತ್ತ ಕೂತರು.

"ನಾಲ್ಕು ದಿನ ಆಯ್ತು ಅವರು ಮನೆ ಬಿಟ್ಟು ಹೋಗಿ. ಫೋನು ಆಫು. ಅತ್ತೆ ಬೀದಿಯೋರಿಗೆಲ್ಲ ಹೇಳ್ಕೊಂಡು ಅಳ್ತಾ ಅವ್ರೆ."

"ನಾನು ಶಿವರುದ್ರಕ್ಕಂಗೆ ಮಾತ್ರ..." ಎಂದು ಗುರುಸಿದ್ದಯ್ಯ ಶುರು ಮಾಡಿದರು. ಅಕ್ಷತಾ ಬೈಯದೆ, ಅಳದೆ ಮೆಟ್ಟಿಲಿಳಿದು ಹೋದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಅನುಪಮಾಳಿಗೆ ಅನ್ನಿಸಿತು.

ಅವಳು ಬರೆದಿದ್ದ ಕಾರಣವನ್ನು ಕಡೆಯ ಅಕ್ಷರದಿಂದ ಒಂದೊಂದಾಗಿ ಅಳಿಸತೊಡಗಿದಳು.

"ಏನ್ಮಾಡ್ತಿದೀಯವ್ವ?"

"ಖಾತೆ ಲಾಕ್ ಮಾಡ್ತಿದೀನಿ ಮಾವ."

"ಮೂರು ತಿಂಗಳು ಕಣೇ."

"ಗೊತ್ತು."

"ನಿನ್ನ ಸೈಕಲ್ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಸ್ಕೂಲಿಗೆ ಬಿಟ್ಟು ಬರ್ತಿದ್ದೆ."

"ಗೊತ್ತು ಮಾವ." ಕಮಾಂಡ್ ಎರಡು ಸಲ ತಪ್ಪಾಯಿತು. ಮೂರನೆಯ ಸಲ ಸರಿಯಾಗಿ ಹೋಯಿತು. ಪರದೆ ಒಂದೇ ಸಾಲಿನಲ್ಲಿ ಒಪ್ಪಿಕೊಂಡು ಮುಂದಿನ ಕಮಾಂಡಿಗೆ ಕಾಯುತ್ತ ನಿಂತಿತು. ಅಷ್ಟು ಸುಲಭವಾಗಿ ಆಗಬಾರದಿತ್ತು. ಗುರುಸಿದ್ದಯ್ಯ ಎದ್ದು, ಮುದುಕರ ರಕ್ತದ ಸೀಸೆಗೆ ಹೆಸರಿನ ಚೀಟಿ ಅಂಟಿಸಿದರು.

ಸೋಮವಾರ ಇನ್ಸೂರೆನ್ಸಿನವರು ಬಂದು ಹಸಿರು ಕಂಡು ಹೋದರು. ಬುಧವಾರ ಗುರುಸಿದ್ದಯ್ಯನವರನ್ನು ಕೆಲಸದಿಂದ ತೆಗೆದರು. ಹಾರವಿಲ್ಲ, ಶಾಲಿಲ್ಲ, ಗುಂಪು ಫೋಟೊ ಇಲ್ಲ. ಸಂಗಮೇಶ ಹನ್ನೊಂದನೆಯ ದಿನ ಮನೆಗೆ ಬಂದ. ಗಂಡ ಹೆಂಡತಿ ಈಗ ಕುಣಿಗಲ್‌ನಲ್ಲಿ ಬೇರೆ ಮನೆ ಮಾಡಿದ್ದಾರಂತೆ. ಮಾವ ಮಾತ್ರ ಅನುಪಮಾಳ ಫೋನು ಎತ್ತಲೇ ಇಲ್ಲ. ಎರಡು ಭಾನುವಾರ ಗುಬ್ಬಿಗೆ ಹೋದಳು. ಎರಡು ಸಲವೂ ಮಾವನ ಹೆಂಡತಿ, ಅತ್ತೆಯೇ ಬಾಗಿಲು ತೆಗೆದು, "ಮಲ್ಗವ್ರೆ ಕಣವ್ವ" ಎಂದರು. ಮಧ್ಯಾಹ್ನ ಮಲಗುವ ಅಭ್ಯಾಸ ಮಾವನಿಗೆ ಇರಲಿಲ್ಲ. ಮೂರನೆಯ ಭಾನುವಾರ ಅವಳು ಹೋಗಲಿಲ್ಲ.

ಶನಿವಾರದ ತಪಾಸಣೆ ಯಥಾಪ್ರಕಾರ ಓಡುತ್ತಿತ್ತು. ವರದಿಯ ಕೆಳಗೆ ಮಾತ್ರ ಹೊಸದೊಂದು ಪಟ್ಟಿ ಬರತೊಡಗಿತು: ಲಾಕ್ ಆದ ಖಾತೆ, ಒಳಗೆ ಬರಲು ಯತ್ನ, ವಿಫಲ. ಗುಬ್ಬಿಯ ಒಂದು ಮೊಬೈಲಿನಿಂದ, ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಎಂಟೂವರೆಗೆ. ಲ್ಯಾಬಿನ ಬಾಗಿಲು ತೆಗೆಯುವ ಹೊತ್ತು ಅದು. ವಾರಕ್ಕೆ ಏಳು ಸಾಲು. ನಾಗಭೂಷಣ್‌ಗೆ ತಿಳಿಸಬೇಕಾದ ವಿಷಯವೇ, ತಿಳಿಸಿದಳು. "ಲಾಕ್ ಆಗಿದೆಯಲ್ಲ, ಬಿಡಿ" ಎಂದರು ಅವರು. ಅನುಪಮಾಳಿಗೆ ಮಾವನಿಂದ ಬರುತ್ತಿದ್ದ ಸಮಾಚಾರ ಅದೊಂದೇ. ಶನಿವಾರ ಕಣ್ಣು ಬಿಟ್ಟೊಡನೆ ವರದಿ ತೆರೆದು ನೇರ ಆ ಪಟ್ಟಿಗೆ ಹೋಗುತ್ತಿದ್ದಳು. ಏಳು ಸಾಲನ್ನು ಕಂಡ ಮೇಲೆಯೇ ಕಾಫಿ.

ಒಂಬತ್ತನೆಯ ಶನಿವಾರ ಆರೇ ಸಾಲಿತ್ತು. ಹಿಂದಿನ ದಿನದ್ದು ಇರಲಿಲ್ಲ. ಅತ್ತೆಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಅವಳು ಮುಖ ತೊಳೆದವಳೇ ಬಸ್ ನಿಲ್ದಾಣಕ್ಕೆ ಓಡಿದಳು.

ಹೊರಟು ನಿಂತಿದ್ದ ಬಸ್ಸಿನ ಬಾಗಿಲ ಬಳಿಯೇ ಸೀಟು ಸಿಕ್ಕಿತು. ಕಂಡಕ್ಟರ್ ಬಂದು, "ಎಲ್ಲಿಗಮ್ಮ? ಆಧಾರ್ ತೋರ್ಸಿ" ಎಂದ.

"ಗುಬ್ಬಿ," ಎಂದು ಅವಳು ಫೋನನ್ನು ಅವನ ಮುಂದೆ ಹಿಡಿದಳು. ಅವನು ಬಗ್ಗಿ ನೋಡಿದ. ಆಧಾರ್ ಇರಲಿಲ್ಲ. ಆರು ಸಾಲುಗಳಿದ್ದವು, ಪ್ರತಿ ಸಾಲಿನಲ್ಲೂ ಎಂಟೂವರೆ.