ಹೊನ್ನಾಳಿ ನಿರ್ಮಲಮ್ಮನ ತಂಬಿಗೆ

"ತಗೋ ರುದ್ರಾಣಿ, ಮೊದಲನೇ ನೀರು ನಿಂದೇ," ಎಂದು ಷಣ್ಮುಖಪ್ಪ ತುಂಬಿದ ತಂಬಿಗೆಯನ್ನು ಚಾಚಿದಾಗ, ರುದ್ರಾಣಿ ಎರಡೂ ಕೈಗಳನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

"ನಾ ಹಾಕಲ್ಲ ಮಾವ."

ಸತ್ತ ದೊಡ್ಡವ್ವ ಶಿವಗಂಗಮ್ಮನನ್ನು ಪಡಸಾಲೆಯ ಗೋಡೆಗೆ ಒರಗಿಸಿ, ಕಾಲು ಮಡಿಸಿ ಕೂರಿಸಿದ್ದರು. ಜಳಕವಾಗದೆ ವಿಭೂತಿ ಹಚ್ಚುವಂತಿಲ್ಲ. ಗುಣಿ ತೆಗೆದವರು ಆಗಲೇ ಎರಡು ಸಲ ಹೇಳಿಕಳಿಸಿದ್ದರು. ಷಣ್ಮುಖಪ್ಪ, ಅಂದರೆ ಸತ್ತವಳ ತಮ್ಮ, ತಂಬಿಗೆಯನ್ನು ನೆಲಕ್ಕೆ ಕುಕ್ಕಿದ.

"ಸಾಕಿದಾಕಿ ಕಣವ್ವ! ನಿಮ್ಮಪ್ಪ ಚನ್ನಗಿರೀಲಿ ಇನ್ನೊಂದು ಮದುವೆ ಆಗಿ ನಿನ್ನ ಇಲ್ಲೇ ಬಿಟ್ಟು ಹೋದಾಗ, ನಿನ್ನ ತಲೆ ಬಾಚಿದ್ದು ಯಾರು?"

"ಸಾಕಿದ್ದು ಹೌದು. ಯಾಕೆ ಸಾಕಿದ್ಲು ಅನ್ನೋದು ಯಾರಾದ್ರೂ ಹೇಳ್ರಿ, ಆಮೇಲೆ ಹಾಕ್ತೀನಿ."

"ಯಾಕೆ ಅಂದ್ರೆ? ಒಳಗೆ ಚುಚ್ಚಿರಬೇಕು," ಎಂದಳು ಪಕ್ಕದ ಮನೆಯ ಶಾಂತಾದೇವಿ. ಮೆಲ್ಲಗೇ ಅಂದಳು. ಆದರೆ ಶಾಂತಾದೇವಿ ಮೆಲ್ಲಗೆ ಅಂದರೆ ನ್ಯಾಮತಿಯ ಬಸ್‌ಸ್ಟ್ಯಾಂಡಿನವರೆಗೆ ಕೇಳಿಸುತ್ತಿತ್ತು.

ಎಲ್ಲರ ಕಣ್ಣೂ ನೆಲದ ಚಪ್ಪಡಿಯ ಕಡೆ ಹೊರಳಿದವು. ಬಹಳ ಹಿಂದೆ, ರುದ್ರಾಣಿ ಹುಟ್ಟುವ ಮೊದಲು, ಅದು ಹಿತ್ತಲ ಬಾವಿ. ಮನೆ ದೊಡ್ಡದು ಮಾಡುವಾಗ ಪಡಸಾಲೆಯೊಳಗೇ ಸೇರಿಹೋಗಿತ್ತು. ಹನ್ನೊಂದು ವರ್ಷದ ಹಿಂದೆ ಅದರ ಬಾಯಿ ಮುಚ್ಚಿದ ಮೇಲೆ, ಶಿವಗಂಗಮ್ಮ ಆ ಕಲ್ಲಿನ ಮೇಲೇ ಹಾಸಿಗೆ ಹಾಸಿಕೊಂಡು ಮಲಗುತ್ತಿದ್ದಳು. ಕೊರೆಯುವ ಚಳಿಯಲ್ಲೂ ಜಾಗ ಬದಲಿಸಿದವಳಲ್ಲ. ಬಂಗಾರ ಕಾಯುತ್ತಾಳೆ ಎಂದರು ಕೆಲವರು. ಪಾಪ ಕಾಯುತ್ತಾಳೆ ಎಂದರು ಮಿಕ್ಕವರು.

*

ಎಪ್ಪತ್ತನಾಲ್ಕನೇ ಇಸವಿ, ಬಾವಿ ಮುಚ್ಚಿದ ವರ್ಷ. ರುದ್ರಾಣಿಗೆ ಎಂಟು ವರ್ಷ. ಕಾಯಲಿಟ್ಟಿದ್ದ ಹಾಲು ಉಕ್ಕಿ ಒಲೆ ಆರಿತೆಂಬುದೊಂದು ನೆಪ. ವಾರಗಿತ್ತಿ ನಿರ್ಮಲಮ್ಮನ ಮೇಲೆ, ಅಂದರೆ ರುದ್ರಾಣಿಯ ಅವ್ವನ ಮೇಲೆ, ಶಿವಗಂಗಮ್ಮ ಹರಿಹಾಯ್ದಿದ್ದಳು. "ಕಣ್ಣು ಎಲ್ಲಿ ಇಟ್ಕೊಂಡಿದ್ದೆ? ಹೋಗು, ಹೋಗಿ ಬಾವಿಗೆ ಬೀಳು!"

ಬೀದಿಯಲ್ಲಿ ದಿನಕ್ಕೆ ಹತ್ತು ಮನೆಯಲ್ಲಿ ಹತ್ತು ಹೆಂಗಸರು ಆಡುವ ಮಾತು. ಮರುದಿನ ಮಧ್ಯಾಹ್ನ ನಿರ್ಮಲಮ್ಮ ಬಾವಿಯಲ್ಲಿದ್ದಳು.

ಪೊಲೀಸರು ಕಾಲು ಜಾರಿ ಎಂದು ಬರೆದುಕೊಂಡು ಹೋದರು. ಬೀದಿ ಹಾಗೆ ಬರೆದುಕೊಳ್ಳಲಿಲ್ಲ. "ನೀರು ಸೇದಾಕೆ ಹೋಗಿದ್ರೆ ಹಗ್ಗ ಗೂಟದಾಗೆ ಹೆಂಗೆ ಇರ್ತಿತ್ತು?" ಎಂದು ಮೊದಲು ಕೇಳಿದವಳು ಶಾಂತಾದೇವಿಯೇ. ತಾನು ಹಿತ್ತಲಲ್ಲಿ ಮೆಣಸಿನಕಾಯಿ ಹರವುತ್ತಿದ್ದೆ ಎಂದು ಶಿವಗಂಗಮ್ಮ ಒಂದೇ ಒಂದು ಸಲ ಹೇಳಿದಳು. ಕಂಡವರಿರಲಿಲ್ಲ. ಮತ್ತೆ ಹೇಳಲಿಲ್ಲ.

ಹನ್ನೆರಡು ತುಂಬಿದಾಗ ರುದ್ರಾಣಿ ಕೇಳಿಯೇಬಿಟ್ಟಿದ್ದಳು. ಶಾಲೆಗೆ ಹೊರಡುವ ಹೊತ್ತು, ಶಿವಗಂಗಮ್ಮ ಜಡೆ ಹೆಣೆಯುತ್ತಿದ್ದಳು.

"ದೊಡ್ಡವ್ವ, ನಮ್ಮವ್ವನ್ನ ನೀನೇ ದಬ್ಬಿದ್ಯಾ?"

ಜಡೆಯಲ್ಲಿ ಬೆರಳು ನಿಂತಿತು.

"ದಬ್ಬಾಕೆ ಕೈನೇ ಬೇಕೇನೇ?" ಎಂದಳು ಶಿವಗಂಗಮ್ಮ. ಆಮೇಲೆ ಟೇಪು ಬಿಗಿದು, ಹೂವು ಮುಡಿಸಿ ಕಳಿಸಿದಳು. ಆ ಮಾತನ್ನು ರುದ್ರಾಣಿ ಶಾಲೆಗೂ ಒಯ್ದಳು, ಮದುವೆಯಾಗಿ ಹೊನ್ನಾಳಿಗೂ ಒಯ್ದಳು. ಒಪ್ಪಿಕೊಂಡಂತಲ್ಲದೆ ಅದಕ್ಕೆ ಬೇರೆ ಯಾವ ಅರ್ಥ?

*

"ಹೊತ್ತು ಹೋಗ್ತೈತೆ. ನಾನೇ ಹಾಕ್ತೀನಿ ಬಿಡು," ಎಂದು ಷಣ್ಮುಖಪ್ಪ ತಂಬಿಗೆಗೆ ಬಗ್ಗಿದ.

"ತಡೀರಿ ಮಾವ." ರುದ್ರಾಣಿ ಅವನ ಕೈ ಹಿಡಿದಳು. ತಾಮ್ರದ ತಂಬಿಗೆಯ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆದಿತ್ತು: ಹೊನ್ನಾಳಿ ನಿರ್ಮಲಮ್ಮ. "ಇದು ನಮ್ಮವ್ವನ ತವರಿನ ತಂಬಿಗೆ. ಎಲ್ಲಿತ್ತಿದು?"

ಸತ್ತ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ನೀರು ಕಾಯಿಸಿ ತಂದಿದ್ದವಳು ಶಾಂತಾದೇವಿಯ ಹೊಸ ಸೊಸೆ. ಅವಳು ಕಣ್ಣು ಕಣ್ಣು ಬಿಟ್ಟಳು. "ನಮ್ಮನೆ ಅಟ್ಟದ ಮ್ಯಾಲೆ. ಅತ್ತೆ ಇಲ್ಲಿದ್ರು, ಕೇಳಾಕಾಗ್ಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ ತಂದೆ..."

"ಹಳೇ ಪಾತ್ರೆಯೋನ ಹತ್ರ ತಗೊಂಡಿದ್ದು," ಎಂದಳು ಶಾಂತಾದೇವಿ ಥಟ್ಟನೆ.

"ಯಾವಾಗ?"

"ಯಾವಾಗೋ! ಹೆಣದ ಮುಂದೆ ಪಂಚಾಯ್ತಿ ಮಾಡ್ತಾಳೆ ನೋಡ್ರಿ."

ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಮುದುಕ ತಿಪ್ಪೇಶಪ್ಪ ಬೀಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿದ. ಊರ ಬಾವಿಗಳಿಗೆ ಇಳಿದು ಹೂಳೆತ್ತಿಯೇ ಕೂದಲು ನರೆತವನು ಅವನು.

"ಶಾಂತಕ್ಕ, ನಿಮ್ಮನೇಲಿ ಒಂದು ಪಾತಾಳಗರಡಿ ಇತ್ತಲ್ಲ, ಮುಳ್ಳಿನ ಕೊಕ್ಕೆ. ಬಾವಿಗೆ ಕೊಡ ಬಿದ್ರೆ ಇಡೀ ಬೀದಿ ನಿಮ್ಮನೆಗೇ ಬರ್ತಿತ್ತು. ವಾಪಸ್ ತರೋವರೆಗೂ ಅಡಕ್ಕೆ ಒಂದು ಪಾತ್ರೆ ಇಡದೆ ಕೊಕ್ಕೆ ಕೊಡ್ತಿರಲಿಲ್ಲ ನೀವು. ನಂದು ಮಾಡಿಸ್ಕೊಳ್ಳೋ ಮುಂಚೆ ನನ್ನ ತಾವೂ ಇಸ್ಕೊಂಡಿದ್ರಿ. ಆಮೇಲೆ ಅದು ಕಳೆದೋಯ್ತು ಅಂದ್ರಿ. ಯಾವ ವರ್ಷ ಅದು?"

ಶಾಂತಾದೇವಿ ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕೂತಳು.

"ಓಡ್ತಾ ಬಂದಿದ್ಲು," ಎಂದಳು ಕೊನೆಗೆ. "ಕುಣಿಕೆ ಕಳಚಿ ಕೊಡ ಬಿದ್ದೈತೆ ಅಕ್ಕ, ನಿನ್ನೆ ಹಾಲಿಗೇ ಅಷ್ಟು ಬೈಸ್ಕೊಂಡೀನಿ, ಯಾರಿಗೂ ಹೇಳಬ್ಯಾಡ್ರಿ, ಶಿವಗಂಗಕ್ಕ ಹಿತ್ತಲಿಂದ ಒಳಗೆ ಬರೋದ್ರಾಗೆ ಎತ್ತಿಬಿಡ್ತೀನಿ ಅಂದ್ಲು. ತಂಬಿಗೆ ಇಟ್ಟು, ಕೊಕ್ಕೆ ಅದರ ಹಗ್ಗದ ಸಮೇತ ತಗೊಂಡು ಹೋದ್ಲು. ಅದಕ್ಕೇ ನಿಮ್ಮನೆ ಹಗ್ಗ ಗೂಟದಾಗೇ ಉಳಿದಿತ್ತು."

"ಅಷ್ಟೂ ಗೊತ್ತಿದ್ದು ದಬ್ಬಿದ್ಲು ಅಂದ್ರಾ?" ಎಂದಳು ರುದ್ರಾಣಿ.

"ಪೊಲೀಸ್ನೋರು ಬಂದಿದ್ರಲ್ಲ! ಕೊಕ್ಕೆ ಕೊಟ್ಟೋಳು ನಾನು ಅಂದ್ರೆ ಸುಮ್ನೆ ಬಿಡ್ತಿದ್ರಾ? ಹಗ್ಗದ ಮಾತು ಬಾಯಿತಪ್ಪಿ ಬಂತು. ಜನ ಹಿಡ್ಕೊಂಡ್ರು. ಆಮೇಲೆ ಯಾವ ಮುಖ ಇಟ್ಕೊಂಡು ಹೇಳಲಿ?"

ರುದ್ರಾಣಿ ಅವಳನ್ನು ನೋಡುತ್ತಲೇ ಇದ್ದಳು. ಹನ್ನೊಂದು ವರ್ಷ ಒಬ್ಬಳ ಮೇಲಿದ್ದ ಅನುಮಾನ ಒಂದು ಗಳಿಗೆಯಲ್ಲಿ ಇನ್ನೊಬ್ಬಳ ಮೇಲೆ ಹೋಗಿ ಕೂರುವುದು ಅವಳಿಗೇ ಹೆದರಿಕೆ ಹುಟ್ಟಿಸಿತು. ಆಗ ಇವಳ ಮಾತು ನಂಬಿದ್ದಾಯಿತು. ಈಗಲೂ ನಂಬಬೇಕೇ?

"ಚಪ್ಪಡಿ ತೆಗೀರಿ," ಎಂದಳು.

"ಹುಚ್ಚು ಹಿಡಿದೈತೇನು? ಹೆಣ ಕೂರಿಸ್ಕೊಂಡು ಬಾವಿ ತೆಗೀತಾರಾ?" ಎಂದು ಷಣ್ಮುಖಪ್ಪ ರೇಗಿದ.

"ಅವಳು ಇಲ್ಲಿರೋವಾಗಲೇ ತೆಗೀಬೇಕು ಮಾವ. ಮಣ್ಣು ಮಾಡಿ ಬಂದ ಮ್ಯಾಲೆ ಯಾರಿಗೆ ತೋರ್ಸೋದು?"

ತಿಪ್ಪೇಶಪ್ಪ ಮನೆಗೆ ಹೋಗಿ ಹಾರೆ, ಹಗ್ಗ, ತನ್ನ ಪಾತಾಳಗರಡಿ ತಂದ. "ಕೊಕ್ಕೆ ಹುಡುಕಾಕೆ ಕೊಕ್ಕೇನೇ ಬೇಕು, ಏನು ಮಾಡೋದು," ಎಂದು ಗೊಣಗಿದ. ನಾಲ್ಕು ಜನ ಮೀಟಿದಾಗ ಕಲ್ಲು ಸರಿಯಿತು. ತಣ್ಣನೆಯ ಹಸಿ ವಾಸನೆ ಪಡಸಾಲೆಯನ್ನೆಲ್ಲ ತುಂಬಿತು. ಶಾಂತಾದೇವಿ ಮುಖ ಮುಚ್ಚಿಕೊಂಡಳು.

ತಿಪ್ಪೇಶಪ್ಪ ಕೊಕ್ಕೆ ಇಳಿಬಿಟ್ಟ. ಮೊದಲ ಸಲ ಕೆಸರು ಬಂತು. ಎರಡನೇ ಸಲ ಬರಿಗೈ. ಮೂರನೇ ಸಲ ಹಗ್ಗ ಬಿಗಿಯಿತು.

"ಕೈ ಹಾಕ್ರೋ! ಭಾರ ಐತೆ."

ಇಬ್ಬರು ಗಂಡಸರು ಕಾಲು ಊರಿ ಎಳೆದರು. ಮೇಲೆ ಬಂದದ್ದು ಹಸಿರುಗಟ್ಟಿದ ತಾಮ್ರದ ಕೊಡ, ಕಂಠದವರೆಗೂ ಹೂಳು. ಅದರ ಕಂಠಕ್ಕೆ ಕಚ್ಚಿಕೊಂಡಂತೆ ತುಕ್ಕು ಹಿಡಿದ ಇನ್ನೊಂದು ಪಾತಾಳಗರಡಿ. ಅದರ ಬಳೆಯಲ್ಲಿ ಕೊಳೆತ ಹಗ್ಗದ ಗಂಟು.

"ಸಿಕ್ಕಿತ್ತು ನಿಮ್ಮವ್ವಗೆ," ಎಂದ ತಿಪ್ಪೇಶಪ್ಪ. ಅವನ ದನಿ ಇಳಿದಿತ್ತು. "ತುಂಬಿದ ಕೊಡ. ಒಂಟಿ ಹೆಂಗಸು ಎಳೆಯೋದಲ್ಲ. ಅದೇ ಅವಳನ್ನ ಒಳಕ್ಕೆ ಎಳ್ಕೊಂಡೈತೆ."

ರುದ್ರಾಣಿ ಶಿವಗಂಗಮ್ಮನ ಕಡೆ ತಿರುಗಿದಳು. ಗದ್ದಕ್ಕೆ ಬಟ್ಟೆ ಕಟ್ಟಿದ್ದ ಆ ಮುಖ, ಬೈದ ತಪ್ಪಿಗೆ ಇನ್ನೂ ಬಾಯಿ ಬಿಗಿಹಿಡಿದು ಕೂತಂತೆ ಕಂಡಿತು. ದಬ್ಬಾಕೆ ಕೈನೇ ಬೇಕೇನೇ?

ತಂಬಿಗೆಯ ನೀರು ಆರಿಹೋಗಿತ್ತು. ರುದ್ರಾಣಿ ಅದನ್ನು ಅಂಗಳಕ್ಕೆ ಚೆಲ್ಲಿ ಬಂದಳು. ತಿಪ್ಪೇಶಪ್ಪನ ಹಗ್ಗವನ್ನು ಅದರ ಕಂಠಕ್ಕೆ ಎರಡು ಗಂಟು ಹಾಕಿ, ಎಳೆದು ನೋಡಿ, ಬಾವಿಗೆ ಬಿಟ್ಟಳು. ತುಂಬಿ ಬಂದದ್ದನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಒಂದು ಕೈಯಿಂದ ನರೆತ ನೆತ್ತಿಯ ಮೇಲೆ ಸಣ್ಣ ಧಾರೆಯಾಗಿ ಸುರಿಯತೊಡಗಿದಳು. ಇನ್ನೊಂದು ಕೈ ಕೂದಲಿನ ಸಿಕ್ಕು ಬಿಡಿಸುತ್ತಿತ್ತು.

ಹಿಂದೆ, ಸರಿಸಿಟ್ಟ ಚಪ್ಪಡಿಯ ಮೇಲೆ, ತಿಪ್ಪೇಶಪ್ಪ ಕೊಡವನ್ನೂ ಕೊಕ್ಕೆಯನ್ನೂ ಬೇರೆ ಮಾಡಲು ಎರಡು ಸಲ ಜಗ್ಗಿ ನೋಡಿದ. ತುಕ್ಕು ಹಿಡಿದ ಮುಳ್ಳು ಕೊಡದ ಕಂಠವನ್ನು ಇನ್ನೂ ಬಿಟ್ಟಿರಲಿಲ್ಲ.