ಅಕ್ಕನ ಕೂಸು

ಇಳಕಲ್ಲಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದ ರಾಜಮಹ್ಮದನ ಮಗಳು ಮಲಿಕಾ ಬಿ.ಎ. ಮುಗಿಸಿ, ಬಿ.ಎಡ್.ಅನ್ನೂ ಮಾಡಿಕೊಂಡು ಬಂದಾಗ ಓಣಿಯವರೆಲ್ಲ ಬಂದು ನೋಡಿ ಹೋಗಿದ್ದರು. ಅದು ಎಪ್ಪತ್ತಾರನೆಯ ಇಸವಿ. ಎಪ್ಪತ್ತೆಂಟು ಬಂದರೂ ಅವಳು ಮನೆಯಲ್ಲೇ ಇದ್ದಳು. ಬಾಗಲಕೋಟೆ, ಹುನಗುಂದ ಎಂದು ನೌಕರಿಯ ಸಂದರ್ಶನಕ್ಕೆ ಕರೆದಲ್ಲೆಲ್ಲ ಹೋಗಿ ಬಂದಿದ್ದಳು. "ತಿಳಸ್ತೇವಿ" ಅನ್ನುವುದೊಂದೇ ಎಲ್ಲರ ಉತ್ತರ. ಮೊದಮೊದಲು "ಏನಾತವಾ?" ಎಂದು ವಿಚಾರಿಸುತ್ತಿದ್ದ ನೆರೆಯ ಹೆಂಗಸರು ಈಗ ಕೇಳುವುದನ್ನು ಬಿಟ್ಟಿದ್ದರು. ಕೇಳಿದ್ದಕ್ಕಿಂತ ಆ ಬಿಟ್ಟದ್ದೇ ಅವಳಿಗೆ ಹೆಚ್ಚು ನೋಯುತ್ತಿತ್ತು. ತಾಯಿ ಮಾಬುಬಿ ಮಾತ್ರ ಅವಳು ಹೊರಟಾಗ ಪ್ರತಿ ಸಲವೂ ಹಿತ್ತಾಳೆ ತಂಬಿಗೆಯಲ್ಲಿ ಕೆಂಡ ಹಾಕಿ, ಮಗಳ ಸೀರೆಯ ಸುಕ್ಕು ತೆಗೆದುಕೊಡುತ್ತಿದ್ದಳು.

ಆ ಬೇಸಿಗೆಯಲ್ಲಿ ಬಾದಾಮಿಯ ಒಂದು ಖಾಸಗಿ ಹೈಸ್ಕೂಲಿನಿಂದ ಕನ್ನಡ ಕಲಿಸುವ ಕೆಲಸಕ್ಕೆ ಕರೆ ಬಂತು. ಇದ್ದದ್ದು ಒಂದೇ ಜಾಗ. ಅಪ್ಪ, ಮಗಳು ನಸುಕಿನ ಬಸ್ಸು ಹಿಡಿದು, ಗುಳೇದಗುಡ್ಡ ದಾಟಿ ಬಾದಾಮಿಗೆ ಬರುವಷ್ಟರಲ್ಲಿ ಶಾಲೆಯ ಪಡಸಾಲೆ ತುಂಬಿತ್ತು. ಗಂಡಸರೇ ಹೆಚ್ಚು. ಮೂಲೆಯಲ್ಲಿ ಕಂಬಕ್ಕೆ ಮರೆಯಾಗಿ ಒಬ್ಬ ಹೆಣ್ಣುಮಗಳು ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದಳು. ಮಲಿಕಾ ಹೋಗಿ ಅವಳ ಪಕ್ಕದಲ್ಲಿ ಕೂತಳು.

ಅವಳ ಹೆಸರು ಗುರುಲಿಂಗವ್ವ, ಕೆರೂರಿನವಳು. ಗಂಡ ಅಂಗಡಿ ಬಿಟ್ಟು ಬರುವಂತಿರಲಿಲ್ಲ; ಅತ್ತೆಗೆ ಸೊಸೆ ಹೊರಗೆ ದುಡಿಯುವುದೇ ಬೇಡವಾಗಿತ್ತು. ಹೀಗಾಗಿ ಕೂಸನ್ನು ಕಟ್ಟಿಕೊಂಡೇ ಬಂದಿದ್ದಳು.

"ಹ್ವಾದ ತಿಂಗಳ ಇನ್ನೊಂದ ಕಡೆ ಹೋಗಿದ್ನಿರಿ," ಎಂದಳು ಗುರುಲಿಂಗವ್ವ ಮೆಲ್ಲಗೆ. "ಪಾಠ ಚಲೋ ಮಾಡಿದಿ ಅಂದ್ರು. ಹೊರಗ ಕೂಸು ಅತ್ತದ್ದ ಕೇಳಿ, ಯಾರ್ದಂತ ಕೇಳಿದ್ರು. ನಂದು ಅಂದೆ. ಮುಗೀತು ಅಲ್ಲಿಗೆ. ಮನ್ಯಾಗಿದ್ದು ಮಕ್ಕಳನ್ನ ನೋಡ್ಕೊ ಹೋಗವಾ ಅಂದ್ರು."

"ಇವತ್ತ ಕೇಳಿದ್ರ?"

"ಕೇಳಬಾರದು ಅಂತನ ದೇವರಿಗೆ ಬೇಡಕೊಳ್ಳಾಕತ್ತೇನಿ."

ಸಂಗಿ ಎಂಬ ಆ ಹೆಣ್ಣುಕೂಸಿಗೆ ಮಲಿಕಾಳ ಹಸಿರು ಬಳೆಗಳು ಹಿಡಿಸಿದವು. ಗುರುಲಿಂಗವ್ವನ ಹೆಸರು ಕೂಗಿದಾಗ ಅದು ಮಲಿಕಾಳ ತೊಡೆಯ ಮೇಲೇ ಇತ್ತು. "ನೀವು ಹೋಗಿ ಬರ್ರಿ, ನಾ ನೋಡ್ಕೋತೇನಿ," ಎಂದಳು ಮಲಿಕಾ.

ಮಧ್ಯಾಹ್ನವಾಗಿತ್ತು. ಅಂದು ಶುಕ್ರವಾರ, ರಾಜಮಹ್ಮದ ನಮಾಜಿಗೆಂದು ಮಸೀದಿಗೆ ಹೋಗಿದ್ದ. ಸಂದರ್ಶನ ಮುಗಿಸಿದವರು ಒಬ್ಬೊಬ್ಬರಾಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದಿದ್ದರು. ಕೂಸು ಮಲಿಕಾಳ ಹೆಗಲ ಮೇಲೆ ನಿದ್ದೆಹೋಯಿತು. ಗುರುಲಿಂಗವ್ವ ಹೊರಗೆ ಬಂದವಳೇ ಇತ್ತ ತಿರುಗಬೇಕು ಅನ್ನುವಷ್ಟರಲ್ಲಿ ಗುಮಾಸ್ತ ಅವಳನ್ನು ಕಾಗದಪತ್ರ ನೋಡುವುದಕ್ಕೆಂದು ಆಫೀಸು ಕೋಣೆಗೆ ಕರೆದುಕೊಂಡು ಹೋದ. ಅದೇ ಹೊತ್ತಿಗೆ ಜವಾನ ಬಾಗಿಲಲ್ಲಿ ನಿಂತು ಮಲಿಕಾಳನ್ನು ಕರೆದ.

ಮಲಿಕಾ ಸುತ್ತ ನೋಡಿದಳು. ಪಡಸಾಲೆ ಖಾಲಿ. ಕೂಸನ್ನು ಕೊಡಲು ಆಫೀಸು ಕೋಣೆಗೆ ಹೋದರೆ ಗುಮಾಸ್ತನೆದುರಿಗೆ ಗುಟ್ಟು ರಟ್ಟಾಗುತ್ತದೆ. "ಲಗೂನ ಬರ್ರಿ, ಸಾಹೇಬ್ರು ಊಟಕ್ಕ ಏಳೂ ಹೊತ್ತಾತು," ಎಂದ ಜವಾನ. ಅವಳು ಕೂಸನ್ನು ಹೆಗಲಿಗೆ ಒತ್ತಿಕೊಂಡು ಒಳಗೆ ಹೋದಳು.

ಮೇಜಿನ ಹಿಂದೆ ಇಬ್ಬರು ಕೂತಿದ್ದರು. ಒಬ್ಬರು ಸಂಸ್ಥೆಯ ಚೇರಮನ್ನರು, ಅವರ ಬದಿಗೆ ನೆರೆತ ಕೂದಲಿನ ಹೆಡ್‌ಮಾಸ್ತರ ಮುದಕಪ್ಪನವರು. ಚೇರಮನ್ನರು ಅರ್ಜಿ ನೋಡಿದರು, ಅವಳನ್ನು ನೋಡಿದರು.

"ಕುಮಾರಿ ಅಂತ ಐತೆಲ್ಲಾ ಇಲ್ಲಿ. ಕೂಸು ಯಾರ್ದು?"

ಖರೆ ಹೇಳಿಬಿಟ್ಟರೆ ತನ್ನ ದಾರಿ ಸಲೀಸು ಎಂದು ಮಲಿಕಾಳಿಗೆ ಹೊಳೆಯದೆ ಇರಲಿಲ್ಲ. ಈಗತಾನೆ ಎದ್ದುಹೋದವಳದು ಎಂದರೆ ಸಾಕು. ಎರಡು ವರ್ಷ ಕಾದ ನೌಕರಿ. ಕೂಸಿನ ಬಿಸಿ ಉಸಿರು ಅವಳ ಕೊರಳಿಗೆ ತಾಗುತ್ತಿತ್ತು.

"ನಮ್ಮಕ್ಕಂದ್ರಿ," ಎಂದಳು.

ಅಂದ ಮೇಲೆ ನೆನಪಾಯಿತು, ಗುರುಲಿಂಗವ್ವನ ಹಣೆಯಲ್ಲಿದ್ದಂತೆಯೇ ಕೂಸಿನ ಹಣೆಯ ಮೇಲೂ ಬೆಳಗ್ಗೆ ಬಳಿದ ವಿಭೂತಿ ಇತ್ತು. ಸೆರಗು ಎಳೆದು ಮುಚ್ಚಿದಳು. ಹೆಡ್‌ಮಾಸ್ತರರು ಆಗಲೇ ನೋಡಿಯಾಗಿತ್ತು. ಅರ್ಜಿಯ ಮೇಲಿನ ಹೆಸರನ್ನು ಒಮ್ಮೆ, ಕೂಸನ್ನು ಒಮ್ಮೆ ನೋಡಿ, ಅವರು ಸುಮ್ಮನೆ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು.

"ನೌಕರಿಗೆ ಬರೋರು ಮನಿ ಹೊತಗೊಂಡ ಬಂದ್ರ ಹ್ಯಾಂಗ?" ಎಂದರು ಚೇರಮನ್ನರು.

"ಹಿಡಕೊಳ್ಳಾಕ ಯಾರೂ ಇರಲಿಲ್ರಿ."

"ಇರಲಿ ಬಿಡ್ರಿ," ಎಂದರು ಮುದಕಪ್ಪನವರು. "ತಂಗಿ, ಲೋಪಸಂಧಿ ಹೇಳಿಕೊಡು. ಎಂಟನೆತ್ತೆ ಮಕ್ಕಳು ಎದರಿಗದಾರ ಅಂತ ತಿಳಕೊ. ಸಣ್ಣ ದನಿಲೆ ಹೇಳು, ಕೂಸು ಎದ್ದೀತು."

ಮಲಿಕಾ ಒಂದು ಕೈಯಿಂದ ಕೂಸನ್ನು ಹಿಡಿದು, ಇನ್ನೊಂದರಿಂದ ಬೋರ್ಡಿನ ಮೇಲೆ 'ಊರು', 'ಅಲ್ಲಿ' ಎಂದು ಬರೆದಳು. ಎರಡು ಮಾತು ಕೂಡಬೇಕಾದರೆ ಮೊದಲನೆಯದರ ಕೊನೆಯ ಸ್ವರ ಜಾಗ ಬಿಟ್ಟುಕೊಡುತ್ತದೆ, ಬಿಟ್ಟುಕೊಟ್ಟರೂ ಅರ್ಥ ಕೆಡುವುದಿಲ್ಲ ಎಂದು ಹೇಳಿದಳು. ಮನೆಯಲ್ಲಿ, ಬಾವಿಯ ಹತ್ತಿರ ನಾವೆಲ್ಲ ದಿನಾ ಆಡುವ ಮಾತುಗಳಿಂದಲೇ ಉದಾಹರಣೆ ಹೆಕ್ಕಿದಳು. ಹಿಂದಿನ ಸಂದರ್ಶನಗಳಲ್ಲೆಲ್ಲ ಹೆದರಿಕೆಗೆ ಅವಳು ಪಾಠವನ್ನು ಗಡಿಬಿಡಿಯಲ್ಲಿ ಮುಗಿಸಿಬಿಡುತ್ತಿದ್ದಳು. ಅಂದು ಕೂಸು ಏಳದಂತೆ ಮಾತಾಡುವುದರಲ್ಲೇ ಗಮನವೆಲ್ಲ ಇದ್ದುದರಿಂದ ಹೆದರುವುದು ಅವಳಿಗೆ ಮರೆತೇಹೋಗಿತ್ತು. ಚೇರಮನ್ನರು ಕೂಡ ಪ್ರಶ್ನೆ ಕೇಳುವಾಗ ತಮಗೇ ಅರಿವಿಲ್ಲದೆ ದನಿ ತಗ್ಗಿಸಿದರು.

ಹೊರಗೆ ಬಂದಾಗ ಗುರುಲಿಂಗವ್ವ ಬಿಳಿಚಿಕೊಂಡು ನಿಂತಿದ್ದಳು. "ಏನಂತ ಹೇಳಿದ್ರಿ?"

"ಏನೂ ಹೇಳಿಲ್ಲ. ತಗೋರಿ, ಚಲೋ ಮಲಗೇತಿ," ಎಂದು ಮಲಿಕಾ ಕೂಸನ್ನು ಕೈಗಿತ್ತಳು.

ಬಸ್ಸಿನಲ್ಲಿ ಅಪ್ಪನಿಗೆ ಎಲ್ಲ ಹೇಳಿದಳು. ರಾಜಮಹ್ಮದ ಬಣ್ಣ ಹತ್ತಿದ ಉಗುರುಗಳನ್ನು ನೋಡಿಕೊಳ್ಳುತ್ತ ಕೂತ. ಅಮೀನಗಡ ಬಂದಾಗ ಅಂದ: "ನಾ ಅಲ್ಲೇ ಇದ್ದಿದ್ರ ಕೂಸ ನಾನ ಹಿಡಕೋತಿದ್ನೆಲ್ಲ ಬೇಟಿ." ಕೆಳಗಿಳಿದು ಕರದಂಟು ತಂದು ಅವಳ ಕೈಯಲ್ಲಿಟ್ಟ. ಸಿಟ್ಟಿಗೇಳುತ್ತಾನೆಂದು ಅಂಜಿದ್ದ ಮಲಿಕಾ ಅದನ್ನು ಬಾಯಿಗಿಟ್ಟುಕೊಳ್ಳಲಾರದೆ ಕಿಟಕಿಯಾಚೆ ಮುಖ ತಿರುಗಿಸಿದಳು.

ಆ ಜಾಗ ಗುರುಲಿಂಗವ್ವನಿಗೆ ಸಿಕ್ಕಿತು. ಸುದ್ದಿ ತಿಳಿದ ದಿನ ಮಲಿಕಾಳಿಗೆ ಸಂತೋಷವೂ ಆಯಿತು, ಅಳುವೂ ಬಂತು. ಯಾವುದು ಹೆಚ್ಚೆಂದು ಅವಳಿಗೇ ತಿಳಿಯಲಿಲ್ಲ. ಮರುದಿನದಿಂದ ಅಪ್ಪನ ಜೊತೆ ನೂಲು ಒಣಹಾಕಲು ಕೂತಳು.

ಶಾಲೆ ಸುರುವಾದ ಮೇಲೆ ಒಂದು ರವಿವಾರ ಗುರುಲಿಂಗವ್ವ ಸಂಗಿಯನ್ನು ಎತ್ತಿಕೊಂಡು, ರೇಷ್ಮೆಗೆ ಬಣ್ಣ ಹಾಕುವವರ ಮನೆ ಯಾವುದೆಂದು ಕೇಳುತ್ತ ಓಣಿಗೆ ಬಂದಳು.

"ಮದಲನೇ ದಿನ ಹೆಡ್‌ಮಾಸ್ತರು, 'ನಿಮ್ಮ ತಂಗಿ ಹ್ಯಾಂಗದಾಳ?' ಅಂದ್ರು," ಎಂದಳು. "ನನಗ ತಂಗಿ ಇಲ್ರಿ ಅಂದೆ. 'ಅದಾಳ, ಇಳಕಲ್ಲದಾಗ ವಿಚಾರಿಸು' ಅಂತ ಎಲ್ಲಾ ಹೇಳಿದ್ರು. ಯಾಕ ನನಗ ಅವತ್ತ ಹೇಳಲಿಲ್ಲ ನೀ?"

ಮಲಿಕಾ ಕೈಚಾಚಿ ಸಂಗಿಯನ್ನು ಎತ್ತಿಕೊಂಡಳು. ಅಷ್ಟರಲ್ಲಿ ಮಾಬುಬಿ ಬಾಳೆಹಣ್ಣು, ಸಕ್ಕರೆ ತಂದಿಟ್ಟಳು. ಲಿಂಗಾಯತರ ಮನೆಯವಳು, ತಮ್ಮಲ್ಲಿ ಉಣ್ಣುತ್ತಾಳೋ ಇಲ್ಲವೋ ಎಂಬ ಅಳುಕು. ಗುರುಲಿಂಗವ್ವ ತಾಟು ನೋಡಿ, "ರೊಟ್ಟಿ ಇಲ್ಲೇನವ್ವಾ? ಮುಂಜಾನೆ ಬರೇ ಚಾ ಕುಡದು ಬಂದೇನಿ," ಎಂದಳು. ಮಾಬುಬಿ ಒಳಗೆ ಹೋಗಿ ಒಲೆ ಹಚ್ಚಿದಳು.

ಉಂಡ ಮೇಲೆ ಗುರುಲಿಂಗವ್ವ ಬಂದ ಕೆಲಸ ಹೇಳಿದಳು. ಗುಳೇದಗುಡ್ಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುವ ಬಾಯಾರೊಬ್ಬರು ಬಾಣಂತನಕ್ಕೆ ರಜೆ ಹಾಕಿದ್ದರು. ಆ ಜಾಗಕ್ಕೆ ಮುದಕಪ್ಪನವರು ಮಲಿಕಾಳ ಹೆಸರು ಹೇಳಿದ್ದರು. ದೀಪಾವಳಿಯವರೆಗಿನ ಕೆಲಸ ಮಾತ್ರ.

"ಆಮ್ಯಾಲೆ?" ಎಂದಳು ಮಲಿಕಾ.

"ಆಮ್ಯಾಲಿಂದು ನನಗೂ ಗೊತ್ತಿಲ್ಲವಾ. ಸುಳ್ಳ ಯಾಕ ಹೇಳ್ಲಿ."

ಮಲಿಕಾ ಅಪ್ಪನ ಕಡೆ ನೋಡಿದಳು. ರಾಜಮಹ್ಮದ ಗೋಡೆಗೊರಗಿ ಕೂತು, ಗುಳೇದಗುಡ್ಡದಲ್ಲಿ ತನಗೆ ನೂಲಿನ ವ್ಯಾಪಾರದಿಂದ ಪರಿಚಯವಾದವರನ್ನು ನೆನೆಯುತ್ತಿದ್ದ. "ಇರಾಕ ಒಂದ ಖೋಲಿ ನೋಡಬೇಕಲ್ಲ," ಎಂದ. "ನಾಳೆ ನಾ ಹೋಗಿ ಬರ್ತೇನಿ."

ಖಾಯಂ ನೌಕರಿ ಸಿಗುವುದಕ್ಕೆ ಅವಳಿಗೆ ಇನ್ನೂ ಎರಡು ವರ್ಷ ಹಿಡಿಯಿತು, ಅದೂ ಹುನಗುಂದದಲ್ಲಿ. ಆದರೆ ಆ ಸೋಮವಾರ ಅಪ್ಪ ಖೋಲಿ ಹುಡುಕಲು ಹೊರಟಾಗ ಅದ್ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಅವಳು ಟ್ರಂಕು ಕೆಳಗಿಳಿಸಿ, ಧೂಳು ಒರೆಸಿ, ಬಿಸಿಲಿಗಿಟ್ಟಳು.